ಪುಲಕೇಶಿ ಅಂದ್ರೇನು? 499 ರೂಪಾಯಿ ಕೊಟ್ಟು ಕೇಳಿದೆವು

ಮೊದಲೇ ಹೇಳಿಬಿಡುತ್ತೇನೆ, ನನ್ನ ಹೆಸರು ಪುಲಕೇಶಿ. ಆದ್ದರಿಂದ ಈ ವಿಮರ್ಶೆಯಲ್ಲಿ ಸ್ವಲ್ಪ ಪಕ್ಷಪಾತ ಇದೆ. ಆದರೆ ಈ ಹೆಸರನ್ನು ನಲವತ್ತೇಳು ವರ್ಷ ದಿನಾ ಬಳಸಿದವನು ನಾನು. ಅದರ ಬಗ್ಗೆ ಹದಿನಾಲ್ಕು ಪುಟದ ವರದಿ ಕಳಿಸಿದ ಕಂಪನಿ ಒಂದು ದಿನವೂ ಬಳಸಿಲ್ಲ.

ಆದದ್ದು ಇಷ್ಟು. ಅಕ್ಕನ ಮಗಳಿಗೆ ಗಂಡು ಮಗು ಆಯಿತು. ಬಾಣಂತನ ಗುಳೇದಗುಡ್ಡದಲ್ಲಿ, ಅಕ್ಕನ ಮನೆಯಲ್ಲಿ. ಅಯ್ಯನವರು ಪಂಚಾಂಗ ನೋಡಿ ಹಸ್ತ ನಕ್ಷತ್ರ, ಒಂದನೇ ಪಾದ, 'ಪು' ಅಕ್ಷರ ಅಂದರು. ಹಸ್ತದ ನಾಲ್ಕು ಪಾದಕ್ಕೆ ಪು, ಷ, ಣ, ಠ. ಕೂಸು ಅರ್ಧ ದಿನ ತಡ ಮಾಡಿದ್ದರೆ 'ಣ'ದಿಂದ ಹೆಸರು ಹುಡುಕಬೇಕಿತ್ತು, ಆ ಮಟ್ಟಿಗೆ ಪುಣ್ಯ.

'ಪು' ಅಂದ ಕೂಡಲೇ ಮನೆಯಲ್ಲಿ ಶುರುವಾಯಿತು. ಪುರಂದರ, ಪುಂಡಲೀಕ, ಪುರುಷೋತ್ತಮ. ಪುಟ್ಟರಾಜ ಅಂದಾಗ ಗದುಗಿನ ಗವಾಯಿಗಳು ನೆನಪಾಗಿ ಅಕ್ಕ ಅಲ್ಲೇ ಕೈ ಮುಗಿದಳು. ಅಳಿಯ ಮುಖ ಸಿಂಡರಿಸಿದ. ಪುನೀತ್ ಎಲ್ಲರಿಗೂ ಇಷ್ಟ, ಆದರೆ ಬೆಂಗಳೂರಿನ ಅವರ ಅಪಾರ್ಟ್‌ಮೆಂಟಿನಲ್ಲಿ ಆಗಲೇ ಇಬ್ಬರು ಪುಟಾಣಿ ಪುನೀತರು ಓಡಾಡುತ್ತಿದ್ದಾರಂತೆ. ಆಗ ಹುಡುಗಿ ನನ್ನ ಕಡೆ ತಿರುಗಿದಳು.

"ಮಾಮಾ, ನಿಮ್ಮ ಹೆಸರ ಇಟ್ರ ಹ್ಯಾಂಗ?"

"ಬ್ಯಾಡವಾ, ಆ ಕೂಸರ ಏನ್ ಪಾಪ ಮಾಡೈತಿ?" ಅಂದೆ. ಒಳಗೊಳಗೆ ಖುಷಿಯಾಯಿತು ಅನ್ನೋದು ಬೇರೆ ಮಾತು.

ಅಳಿಯ ಸಾಫ್ಟ್‌ವೇರ್ ಹುಡುಗ. ಯಾವುದನ್ನೂ ಸುಮ್ನೆ ಒಪ್ಪುವುದಿಲ್ಲ. ಹೆಸರಿನ ಅರ್ಥ, ಮೂಲ, ಜನಪ್ರಿಯತೆ, ಸಂಖ್ಯಾಶಾಸ್ತ್ರ ಎಲ್ಲ ಸೇರಿಸಿ ವರದಿ ಕೊಡುವ ಒಂದು ಆ್ಯಪ್ ಇದೆ ಅಂದ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥವು ಹತ್ತಾರು ಇವೆ, ಕೆಲವನ್ನು ನಾನೂ ತೆರೆದು ನೋಡಿದೆ, ಎಲ್ಲದರ ಮುಖವೂ ಹೆಚ್ಚುಕಡಿಮೆ ಒಂದೇ. 499 ರೂಪಾಯಿ ಯುಪಿಐ ಮಾಡಿದ. ಮರುದಿನ ಬೆಳಿಗ್ಗೆ ಎಂಟಕ್ಕೆ, ಹೇಳಿದ ಸಮಯಕ್ಕೆ ಸರಿಯಾಗಿ, ವಾಟ್ಸಾಪಿಗೆ ಪಿಡಿಎಫ್ ಬಂತು. ಇದಕ್ಕೆ ಒಂದು ಸ್ಟಾರ್. ಸಮಯಕ್ಕೆ ಬರುವವರಿಗೆ ನಾನು ಯಾವಾಗಲೂ ಒಂದು ಸ್ಟಾರ್ ಕೊಡುತ್ತೇನೆ.

ಮೊದಲ ಪುಟ ಗಣಪತಿ. ಎರಡನೆಯದು ಧನ್ಯವಾದ. ಮೂರನೇ ಪುಟದಲ್ಲಿ ಅರ್ಥ: "ಪುಲಕ ಎಂದರೆ ರೋಮಾಂಚನ, ಈಶ ಎಂದರೆ ದೇವರು. ಪುಲಕೇಶಿ ಎಂದರೆ ಆನಂದದ ಒಡೆಯ. ಮೂಲ: ಹಿಂದಿ."

ಇದನ್ನು ಓದಿ ನನಗೆ ನಿಜವಾಗಿಯೂ ರೋಮಾಂಚನವಾಯಿತು.

ಈ ಹೆಸರಿನ ಅರ್ಥ ಇವತ್ತಿಗೂ ಪೂರ್ತಿ ತೀರ್ಮಾನ ಆಗಿಲ್ಲ. ಫ್ಲೀಟ್ ಮತ್ತು ಡಿ.ಸಿ. ಸರ್ಕಾರ್ ಅವರಂಥ ಶಾಸನ ಪಂಡಿತರು ಇದನ್ನು ಕನ್ನಡ, ಸಂಸ್ಕೃತ ಎರಡೂ ಕೂಡಿದ ಹೆಸರು ಅಂದರು. ಹುಲಿಗೆ ಹಳಗನ್ನಡದಲ್ಲಿ ಪುಲಿ. ಪುಲಿಯ ಕೇಶ ಇದ್ದವನು ಪುಲಿಕೇಶಿ, ಅಂದರೆ ಹುಲಿಗೂದಲಿನವನು. ನೀಲಕಂಠ ಶಾಸ್ತ್ರಿಗಳು ಇದನ್ನು ಒಪ್ಪದೆ ಪೂರ್ತಿ ಸಂಸ್ಕೃತವೇ ಅಂದರು. ವಿಪುಲ ಅನ್ನುವಾಗ ಬರುವ 'ಪುಲ' ಅಂದರೆ ದೊಡ್ಡದು, ಕೇಶಿ ಅಂದರೆ ಕೇಸರ ಇರುವ ಸಿಂಹ, ಒಟ್ಟು ಮಹಾಸಿಂಹ. ಹುಲಿಯೋ ಸಿಂಹವೋ ಅನ್ನೋದು ಜಗಳ. ಹಿಂದಿಯಂತೂ ಈ ಜಗಳದಲ್ಲಿ ಎಲ್ಲೂ ಇಲ್ಲ. ನನ್ನ ಮತ ಹುಲಿಗೆ. ಕಾರಣ ಪಾಂಡಿತ್ಯ ಅಲ್ಲ. ಅಪ್ಪ ಹಾಗೆ ಹೇಳುತ್ತಿದ್ದ, ಅಷ್ಟೇ. (ತಲೆ ಮೇಲೆ ಈಗ ಹುಲಿಯದಿರಲಿ, ಬೆಕ್ಕಿನ ಕೂದಲೂ ಉಳಿದಿಲ್ಲ. ಹೆಂಡತಿ ದಿನಾ ನೆನಪಿಸುತ್ತಾಳೆ.)

ಶಾಸನಗಳಲ್ಲೂ ಹೆಸರು ಒಂದೇ ಥರ ಇಲ್ಲ. ಒಂದು ಕಡೆ ಪುಲಿಕೇಶಿ, ಇನ್ನೊಂದು ಕಡೆ ಪೊಲೆಕೇಶಿ. ಇಂಗ್ಲಿಷ್ ಪುಸ್ತಕಗಳಲ್ಲಿ ಕೊನೆಗೆ ಒಂದು 'ನ್' ಸೇರಿ ಪುಲಕೇಶಿನ್ ಆಗುತ್ತದೆ. ಅದು ಸಂಸ್ಕೃತದ ಮೂಲರೂಪ, ಕರೆಯುವ ಹೆಸರಲ್ಲ. ನಮ್ಮ ವರದಿಯ ಹನ್ನೊಂದನೇ ಪುಟದಲ್ಲಿ "ಇದೇ ಥರದ ಆಧುನಿಕ ಹೆಸರುಗಳು" ಅಂತ ಪಟ್ಟಿ ಇದೆ. ಮೊದಲನೆಯದು ಪುಲ್ಕಿತ್. ಎರಡನೆಯದು ಪುಲಕೇಶಿನ್! ಆರ್ಯನ್, ವಿಹಾನ್ ಸಾಲಿಗೆ ಅದನ್ನೂ ಸೇರಿಸಿದ್ದಾರೆ.

ಐದನೇ ಪುಟದಲ್ಲಿ ಒಂದು ಗುಂಡಿ. ಒತ್ತಿದರೆ ಉಚ್ಚಾರಣೆ ಕೇಳುತ್ತದೆ. ಹೆಂಗಸಿನ ದನಿ, ಇಂಪಾಗಿಯೇ ಇದೆ. "ಪುಲ್‌ಕೇಶಿ" ಅನ್ನುತ್ತದೆ. ಲಕಾರದ ಅ ನುಂಗಿ ಹೋಗಿದೆ. ಏಳನೇ ಶತಮಾನದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಈ ಕಡೆ ಬಂದು ಹೋದವನು ರಾಜನ ಹೆಸರನ್ನು ತನ್ನ ಭಾಷೆಯಲ್ಲಿ ಪು-ಲೊ-ಕಿ-ಶೆ ಅಂತ ಬರೆದುಕೊಂಡ. ಅವನಾದರೂ ನಾಲ್ಕು ಅಕ್ಷರ ಪೂರ್ತಿ ಇಟ್ಟ.

ಇತಿಹಾಸಕ್ಕೆ ಅರ್ಧ ಪುಟ. "ಪ್ರಾಚೀನ ಭಾರತದ ಮಹಾನ್ ರಾಜ" ಅಂತ ಒಂದು ಸಾಲು, ಯಾವ ರಾಜ ಅಂತ ಇಲ್ಲ. ಬಾದಾಮಿ ಚಾಲುಕ್ಯರಲ್ಲಿ ಆ ಹೆಸರಿನ ರಾಜರು ಇಬ್ಬರು ಬಹಳ ಮುಖ್ಯ, ಇವರಿಗೆ ಅದೂ ಗೊತ್ತಿಲ್ಲ. ಮೊದಲನೇ ಪುಲಕೇಶಿ ಬಾದಾಮಿಯ ಗುಡ್ಡಕ್ಕೆ ಕೋಟೆ ಕಟ್ಟಿಸಿದವನು. ಅಲ್ಲಿಯ ಬಂಡೆಯ ಮೇಲಿನ ಶಾಸನ ಶಕ 465, ಅಂದರೆ ಕ್ರಿ.ಶ. 543. ತಮಾಷೆ ನೋಡಿ, ಆ ಶಾಸನದಲ್ಲಿ ಪುಲಕೇಶಿ ಅನ್ನುವ ಹೆಸರೇ ಇಲ್ಲ. ವಲ್ಲಭೇಶ್ವರ ಅಂತ ಬಿರುದು ಇದೆ. ಎರಡನೆಯವನು, ಹರ್ಷನನ್ನು ತಡೆದ ಪ್ರಸಿದ್ಧ ಪುಲಕೇಶಿ, ಇವನ ಮೊಮ್ಮಗ. ನಡುವೆ ಮಗ ಕೀರ್ತಿವರ್ಮ. ಅಜ್ಜನ ಹೆಸರು ಮೊಮ್ಮಗನಿಗೆ! ನಮ್ಮ ಗುಳೇದಗುಡ್ಡದ ಓಣಿಯಲ್ಲಿ ಇವತ್ತಿಗೂ ನಡೆಯುವುದು ಇದೇ. ಅಜ್ಜ ಮುರಿಗೆಪ್ಪ, ಮೊಮ್ಮಗ ಮುರಿಗೆಪ್ಪ. ಹೆಸರು ಹುಡುಕುವವರಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ? ವರದಿಯಲ್ಲಿ ಒಂದಕ್ಷರ ಇಲ್ಲ.

ಅಳಿಯನನ್ನು ಒಂದು ಭಾನುವಾರ ಐಹೊಳೆಗೆ ಕರೆದುಕೊಂಡು ಹೋದೆ. ಮೇಗುತಿ ಗುಡ್ಡ ಹತ್ತುವಾಗ ಎರಡು ಕಡೆ ಕೂತ, ಬೆಂಗಳೂರಿನ ಕಾಲು. ಮೇಲಿನ ಜೈನ ಬಸದಿಯ ಹೊರಗೋಡೆಯಲ್ಲಿ ಎರಡನೇ ಪುಲಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ ಶಾಸನ ಇದೆ. ಶಕ 556, ಅಂದರೆ 634ರ ಹೊತ್ತಿನದು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಜೊತೆ ಹೋಲಿಸಿಕೊಂಡಿದ್ದಾನೆ. ಸಂಕೋಚದ ಮನುಷ್ಯ ಅಲ್ಲ. ಆದರೆ ಹೆಸರಿನ ವಿಷಯದಲ್ಲಿ ಅವನದು ಒಂದು ಸೊಗಸಾದ ಏಟಿದೆ. ಹರ್ಷನನ್ನು ಪುಲಕೇಶಿ ಏನು ಮಾಡಿದ? "ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ". ಹೆದರಿಕೆಯಿಂದ ಹರ್ಷನ ಹರ್ಷವೇ ಜಾರಿಹೋಯಿತು ಅಂತ. ಹೆಸರಿಟ್ಟುಕೊಂಡವನಿಗೆ ಅದೇ ಹೆಸರಿನಿಂದ ಬಾರಿಸುವುದು ಅಂದರೆ ಇದು. ನಾನು ಬೆರಳು ತೋರಿಸುತ್ತಾ ಹೇಳುತ್ತಿದ್ದೆ. ಅಳಿಯ ಬೆವರು ಒರೆಸಿಕೊಂಡು, ಮೊಬೈಲು ಜೇಬಿಗೆ ಹಾಕಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. "ಇದು 'ರ' ಅಲ್ವಾ ಮಾಮಾ?" ಅಂದ. ಇರಬಹುದು ಅಂದೆ. ನನಗೂ ಅಷ್ಟು ಓದಲು ಬರುವುದಿಲ್ಲ.

ಆ ಗೋಡೆಯ ಹೊಗಳಿಕೆ ಕೆತ್ತಿ ಎಂಟು ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದು ವಾತಾಪಿಕೊಂಡ ಅನಿಸಿಕೊಂಡ. ಅಂದರೆ ವಾತಾಪಿಯನ್ನು ಗೆದ್ದುಕೊಂಡವನು. ನಮ್ಮವನ ಕಥೆ ಅಲ್ಲಿಗೆ ಮುಗಿಯಿತು. ಹೆಸರು ಮುಗಿಯಲಿಲ್ಲ. ನೂರು ವರ್ಷ ಬಿಟ್ಟು, ಗುಜರಾತಿನ ನವಸಾರಿಯಲ್ಲಿ ಇದೇ ವಂಶದ ಕವಲಿನ ಅವನಿಜನಾಶ್ರಯ ಪುಲಕೇಶಿ ಅರಬ್ಬರ ದಂಡನ್ನು ತಡೆದ.

ಈಗ ಜನಪ್ರಿಯತೆಯ ಪುಟಕ್ಕೆ ಬರೋಣ. ಅಳಿಯ ದುಡ್ಡು ಕೊಟ್ಟದ್ದೇ ಮುಖ್ಯವಾಗಿ ಇದಕ್ಕೆ. ನೀಲಿ ಬಣ್ಣದ ಗ್ರಾಫ್, ಏರುತ್ತದೆ, ಇಳಿಯುತ್ತದೆ. ಕೆಳಗೆ ವರ್ಷ ಇಲ್ಲ. ಪಕ್ಕದಲ್ಲಿ ಸಂಖ್ಯೆ ಇಲ್ಲ. ಮೇಲೆ "ಅಪರೂಪ" ಅಂತ ಕೆಂಪು ಮುದ್ರೆ. ನಾನು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಅಂಕಿ ಇಲ್ಲದ ಗ್ರಾಫ್ ಕಂಡರೆ ಕೈ ಕೆರೆಯುತ್ತದೆ. ಎಲ್ಲಿಂದ ತಂದಿರಿ ಅಂತ ಅವರ ಸಹಾಯವಾಣಿಗೆ ಬರೆದೆ. ಎರಡು ದಿನದ ಮೇಲೆ ಉತ್ತರ: ನಮ್ಮ ಆ್ಯಪಿನಲ್ಲಿ ಎಷ್ಟು ಮಂದಿ ಈ ಹೆಸರು ಹುಡುಕಿದರು ಅನ್ನುವುದರ ಮೇಲೆ.

ಅಂದರೆ ಯಾರೋ ಹುಡುಕಿದ್ದು, ಇಟ್ಟದ್ದಲ್ಲ. ಪರೀಕ್ಷೆಗೆ ಓದುವ ಹುಡುಗ ಪುಲಕೇಶಿ ಅಂತ ಹುಡುಕಿದರೂ ನಮ್ಮ ಹೆಸರಿನ ಗ್ರಾಫ್ ಏರುತ್ತದೆ!

ಹೆಸರಿನ ಜನಪ್ರಿಯತೆಗೆ ಲೆಕ್ಕ ಇರುವ ದೇಶಗಳು ಇವೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಪಟ್ಟಿ ಹೊರಡಿಸುತ್ತದೆ, 1880ರಿಂದ ಇದೆ. ವರ್ಷದಲ್ಲಿ ಐದು ಮಕ್ಕಳಿಗಾದರೂ ಇಟ್ಟ ಹೆಸರು ಅದರಲ್ಲಿ ಸೇರುತ್ತದೆ. ಇಂಗ್ಲೆಂಡಿನಲ್ಲಿ ಮೂರು ಮಕ್ಕಳಾದರೆ ಸಾಕು. ನಮ್ಮಲ್ಲಿ ಹುಟ್ಟು ನೋಂದಣಿಯಾಗುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಆದರೆ ಈ ವರ್ಷ ಎಷ್ಟು ಬಸವರಾಜರು ಹುಟ್ಟಿದರು ಅನ್ನುವ ಸರ್ಕಾರಿ ಪಟ್ಟಿ ಯಾರ ಕೈಗೂ ಸಿಗುವುದಿಲ್ಲ. ಹಾಗಿರುವಾಗ ಈ ಆ್ಯಪಿನವರಾಗಲಿ ಬೇರೆಯವರಾಗಲಿ ಕನ್ನಡದ ಹೆಸರಿಗೆ ರ‍್ಯಾಂಕ್ ಕೊಡುವುದು ಹೇಗೆ?

ನಾನೇ ಒಂದು ಲೆಕ್ಕ ಮಾಡಿದೆ. ನಮ್ಮ ಸಂಘದ ಸದಸ್ಯರ ಪುಸ್ತಕ ತೆಗೆದೆ. ಬಸವರಾಜ ಎಣಿಸಲು ಹೋಗಿ ನೂರರ ಹತ್ತಿರ ಸುಸ್ತಾಗಿ ನಿಲ್ಲಿಸಿದೆ. ಮಲ್ಲಿಕಾರ್ಜುನ, ಸಂಗಪ್ಪ, ಈರಣ್ಣ ಧಾರಾಳ. ಪುಲಕೇಶಿ ಒಂದು. ಅದು ನಾನು. ಇಡೀ ಜೀವಮಾನದಲ್ಲಿ ಇದೇ ಹೆಸರಿನವರನ್ನು ಮುಖಾಮುಖಿ ಕಂಡದ್ದು ಮೂರು ಸಲ. ಒಮ್ಮೆ ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಏ ಪುಲ್ಯಾ" ಅಂತ ಕೂಗಿದರು. ನಾನು ತಿರುಗಿದೆ. ನನ್ನ ಜೊತೆ ಇನ್ನೊಬ್ಬರೂ ತಿರುಗಿದರು. ನಿವೃತ್ತ ಬಸ್ ಡ್ರೈವರ್, ದೊಡ್ಡ ಮೀಸೆ. ಇಬ್ಬರೂ ಚಹಾ ಕುಡಿದು ಹೆಸರಿನ ಕಷ್ಟ ಹೇಳಿಕೊಂಡೆವು. ಅವರ ಬಸ್ಸು ಹೋದರೂ ಅವರು ಏಳಲಿಲ್ಲ.

ವಿಚಿತ್ರ ಅಂದರೆ ಈ ಹೆಸರು ಗೊತ್ತಿಲ್ಲದ ಕನ್ನಡಿಗ ಇಲ್ಲ. ಶಾಲೆಯ ಪುಸ್ತಕದಲ್ಲಿ ಇದೆ. ಬೆಂಗಳೂರಿನಲ್ಲಿ ಪುಲಕೇಶಿನಗರ ಅಂತ ಬಡಾವಣೆಯೂ ಇದೆ, ವಿಧಾನಸಭಾ ಕ್ಷೇತ್ರವೂ ಇದೆ. ಆದರೆ ಆಟೋದವರಿಗೆ ಪುಲಕೇಶಿನಗರ ಅಂದರೆ ಒಂದು ಕ್ಷಣ ಯೋಚಿಸುತ್ತಾರೆ, ಫ್ರೇಜರ್ ಟೌನ್ ಅಂದರೆ ಮೀಟರ್ ಹಾಕುತ್ತಾರೆ. ಎಲ್ಲರೂ ಗೌರವ ಕೊಡುತ್ತಾರೆ, ಮಗುವಿಗೆ ಮಾತ್ರ ಇಡುವುದಿಲ್ಲ.

ನನಗೆ ಹೇಗೆ ಬಂತು ಅಂದರೆ ಸಿನಿಮಾದಿಂದ. 1967ರಲ್ಲಿ ರಾಜ್‌ಕುಮಾರ್ ಅವರ 'ಇಮ್ಮಡಿ ಪುಲಿಕೇಶಿ' ಬಂದಿತ್ತು. ಅಪ್ಪ ಖಣ ನೇಯುವವನು. ಮಗ್ಗ ನಿಲ್ಲಿಸಿ ಟಾಕೀಸಿಗೆ ಹೋಗಿ ನೋಡಿ ಬಂದಿದ್ದನಂತೆ, ಒಂದಲ್ಲ, ಮೂರು ಸಲ. ಹತ್ತು ವರ್ಷ ಆ ಹೆಸರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ನಾನು ಹುಟ್ಟಿದಾಗ ತೆಗೆದ. ಅಪ್ಪನ ಪಾಲಿಗೆ ಅದು ಸಿನಿಮಾದ 'ಲಿ', ಪುಲಿಕೇಶಿ. ಶಾಲೆಗೆ ಸೇರಿಸಿದಾಗ ಹೆಡ್ ಮಾಸ್ತರರು ಪುಸ್ತಕದ 'ಲ' ಬರೆದರು, ಪುಲಕೇಶಿ. ಅಲ್ಲಿಂದ ರೇಷನ್ ಕಾರ್ಡಿನಲ್ಲಿ ಒಬ್ಬ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಬ್ಬ. ನಾಲ್ಕು ವರ್ಷದ ಹಿಂದೆ ಒಂದು ವಿಮೆ ಮುಗಿದು ಹಣ ಬರಬೇಕಿತ್ತು. ಪಾಲಿಸಿಯಲ್ಲಿ 'ಲಿ', ಆಧಾರ್‌ನಲ್ಲಿ 'ಲ'. ನಾಲ್ಕು ತಿಂಗಳು ಓಡಾಡಿದೆ. ಕೊನೆಗೆ ಛಾಪಾ ಕಾಗದದ ಮೇಲೆ "ಪುಲಕೇಶಿ ಮತ್ತು ಪುಲಿಕೇಶಿ ಇಬ್ಬರೂ ನಾನೇ" ಅಂತ ಪ್ರಮಾಣ ಮಾಡಿ ಕೊಟ್ಟೆ. ಚಾಲುಕ್ಯರಿಗೆ ಈ ತೊಂದರೆ ಬರಲಿಲ್ಲ. ಅವರು ಒಂದೊಂದು ಕಡೆ ಒಂದೊಂದು ಥರ ಕೆತ್ತಿಸಿದರು, ಯಾರೂ ಕೇಳಲಿಲ್ಲ.

ತಮಿಳುನಾಡಿನ ಕಡೆ ಹೋದರೆ ಇನ್ನೊಂದು ಪಾಡು. 2006ರಲ್ಲಿ ವಡಿವೇಲು ಅವರ ಒಂದು ತಮಾಷೆ ಸಿನಿಮಾ ಬಂತು, ಇಪ್ಪತ್ತಮೂರನೇ ಪುಲಿಕೇಸಿ. ಪೆದ್ದ, ಹೇಡಿ ರಾಜ. ಹೊಸೂರಿನ ಒಂದು ಲಾಡ್ಜಿನಲ್ಲಿ ಹೆಸರು ಬರೆಸಿದ ಕೂಡಲೇ ಹುಡುಗ ಕೆಳಗೆ ತಲೆ ಹಾಕಿ ನಕ್ಕ. ನಾನೂ ಆಮೇಲೆ ಆ ಸಿನಿಮಾ ನೋಡಿದೆ. ನಗದೆ ಇರಲು ಆಗಲಿಲ್ಲ, ಸುಳ್ಳು ಯಾಕೆ.

ಸಂಖ್ಯಾಶಾಸ್ತ್ರದ ಪುಟ ಬಿಟ್ಟರೆ ನನ್ನ ವೃತ್ತಿಗೆ ಅವಮಾನ. ವರದಿಯಲ್ಲಿ ಇಂಗ್ಲಿಷ್ ಅಕ್ಷರಗಳ ಕೋಷ್ಟಕ ಕೊಟ್ಟಿದ್ದಾರೆ, ಯಾವ ಅಕ್ಷರಕ್ಕೆ ಯಾವ ಅಂಕಿ ಅಂತ. ಪುಲಕೇಶಿಗೆ 7, "ಒಂಟಿತನ ಕೊಡುತ್ತದೆ". ಆದ್ದರಿಂದ 'ಲ' ತೆಗೆದು 'ಲಿ' ಮಾಡಿ ಪುಲಿಕೇಶಿ ಅಂತ ಇಟ್ಟರೆ 5, "ವ್ಯಾಪಾರಕ್ಕೆ ಶುಭ". ಪೆನ್ನು ತೆಗೆದೆ. 'ಲ'ಗೆ ಎ ಬರುತ್ತದೆ, 'ಲಿ'ಗೆ ಐ. ಅವರದೇ ಕೋಷ್ಟಕದಲ್ಲಿ ಎಗೂ 1, ಐಗೂ 1. 8, 6, 3, 1, 2, 5, 3, 5, 1. ಕೂಡಿದರೆ 34, ಮತ್ತೆ ಕೂಡಿದರೆ 7. ಎರಡು ಹೆಸರಿಗೂ 7! ಶಾಸ್ತ್ರ ನಂಬಿದರೂ ಸರಿ, ಬಿಟ್ಟರೂ ಸರಿ, ಕೂಡಿಸಲು ಬರಬೇಕಲ್ಲ? ಇದನ್ನೂ ಬರೆದು ಕಳಿಸಿದೆ. ತಜ್ಞರ ಜೊತೆ ಮಾತಾಡಲು 1,499 ಕಟ್ಟಿ ಅಂತ ಲಿಂಕ್ ಬಂತು. ಹಣ ವಾಪಸ್ ಕೇಳಿದ್ದಕ್ಕೆ, ಮುಂದಿನ ಮಗುವಿನ ವರದಿಗೆ ನೂರು ರೂಪಾಯಿ ರಿಯಾಯಿತಿ ಅಂದರು. ಬಾಣಂತಿಗೆ ಅದನ್ನು ಓದಿ ಹೇಳಿದೆ. ಅವಳು ನೋಡಿದ ನೋಟ ಇಲ್ಲಿ ಬರೆಯುವ ಹಾಗಿಲ್ಲ.

ಒಳ್ಳೆಯದು ಹೇಳದಿದ್ದರೆ ತಪ್ಪಾಗುತ್ತದೆ. ಕೊನೆಯ ಪುಟ ಚೆನ್ನಾಗಿದೆ. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವುದು ಹೇಗೆ ಅಂತ ಸರಳವಾಗಿ ಹೇಳಿದ್ದಾರೆ. ಹೆಸರಿಲ್ಲದೆಯೇ ಹುಟ್ಟನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ಹದಿನೈದು ವರ್ಷದ ತನಕ ತಡವಾದ್ದಕ್ಕೆ ಶುಲ್ಕ ಕಟ್ಟಿ ಸೇರಿಸಬಹುದು. ಇದು ಸರಿಯಾದ ಮಾಹಿತಿ, ಗಡಿಬಿಡಿ ಮಾಡುವ ತಂದೆತಾಯಿಗೆ ನಿಜವಾಗಿ ಬೇಕಾದ್ದು. ಇದಕ್ಕೆ ಅರ್ಧ ಸ್ಟಾರ್. ಒಟ್ಟು ಐದಕ್ಕೆ ಒಂದೂವರೆ. 499 ರೂಪಾಯಿಗೆ ಗುಳೇದಗುಡ್ಡದಿಂದ ಬಾದಾಮಿ, ಐಹೊಳೆ ಎರಡಕ್ಕೂ ಬಸ್ಸಿನಲ್ಲಿ ಹೋಗಿ, ರೊಟ್ಟಿ ಊಟ ಮಾಡಿ, ಚಿಲ್ಲರೆ ಉಳಿಸಿಕೊಂಡು ಬರಬಹುದು.

ನಾನೂ ಒಂದು ಬದಲಿ ಹೆಸರು ಸೂಚಿಸಿದ್ದೆ. ಇಮ್ಮಡಿ ಪುಲಕೇಶಿಗೆ ಎರೆಯ ಅಂತ ಇನ್ನೊಂದು ಹೆಸರಿತ್ತು, ಆಂಧ್ರದ ಪೆದ್ದವಡುಗೂರು ಶಾಸನದಲ್ಲಿ ಸಿಗುತ್ತದೆ. ಹಳಗನ್ನಡದಲ್ಲಿ ಎರೆಯ ಅಂದರೆ ಒಡೆಯ. ಚಿಕ್ಕ ಹೆಸರು, ಅಚ್ಚ ಕನ್ನಡ, 'ಲ'-'ಲಿ' ಜಗಳವೂ ಇಲ್ಲ. ಅಯ್ಯನವರ ಅಕ್ಷರಕ್ಕೆ ಕೂಡುವುದಿಲ್ಲ, ಅದನ್ನು ಹೇಗೋ ನೋಡಿಕೊಳ್ಳೋಣ ಅಂದೆ.

"ಸಾಲ್ಯಾಗ ಎರಿಹುಳ ಅಂತಾರ ಮಾಮಾ" ಅಂದಳು ಹುಡುಗಿ. ಅಲ್ಲಿಗೆ ಎರೆಯನ ಕಥೆ ಮುಗಿಯಿತು.

ಹದಿಮೂರನೇ ದಿನ ತೊಟ್ಟಿಲು. ಅಳಿಯ ಅಷ್ಟು ಹೊತ್ತಿಗೆ ನೋಂದಣಿ ಅರ್ಜಿ ತುಂಬಿ, ನನಗೆ ತೋರಿಸಿ, ಒಂದೊಂದೇ ಅಕ್ಷರ ಓದಿಸಿ, ಕೊಟ್ಟು ಬಂದಿದ್ದ. ಪುಲಕೇಶಿ, 'ಲ'. ಇನ್ನು ಮುಂದೆ ಎಲ್ಲ ಕಾಗದದಲ್ಲೂ ಇದೇ ಅಂತ ಮನೆ ಮಂದಿಗೆಲ್ಲ ಎರಡೆರಡು ಸಲ ಹೇಳಿದ್ದ. ಕೂಸಿನ ಸೋದರತ್ತೆ ಗದಗಿನಿಂದ ಬಂದಿದ್ದರು. ಹೆಂಗಸರೆಲ್ಲ ತೊಟ್ಟಿಲು ಸುತ್ತುವರಿದರು. ಆಕೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ‍್ರ್" ಅಂದು ಹೆಸರು ಹೇಳಿದರು, ಹಿಂದಿದ್ದವರು ನಗುತ್ತಾ ಬೆನ್ನಿಗೆ ಗುದ್ದಿದರು.

ನಾನು ತೊಟ್ಟಿಲಿನ ಪಕ್ಕದಲ್ಲೇ ನಿಂತಿದ್ದೆ, ಸರಿಯಾಗಿ ಕೇಳಿಸಿತು. "ಪುಲಿಕೇಶಿ" ಅಂದರು. 'ಲಿ'. ಅಳಿಯನ ಮುಖ ನೋಡಿದೆ. ಅವನು ಫೋಟೊ ತೆಗೆಯುತ್ತಿದ್ದ. ನಾನು ಏನೂ ಹೇಳದೆ ಒಂದು ಹಿಡಿ ಗುಗ್ಗರಿ ಬಾಯಿಗೆ ಹಾಕಿಕೊಂಡೆ.